1824: ಕಿತ್ತೂರಿನ ಕೋಟೆ, ಬರ್ಲಿನ್ನಿನ ದಾಳ

ಬೈಲಹೊಂಗಲದಿಂದ ಮಾತಾಡಾಕತ್ತೀನಿ. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿದ್ರ ಹೊಟ್ಟಿಗೆ ಹಾಕ್ಕೋರಿ. ನನ್ನ ಸ್ಟುಡಿಯೋ ಅಂದ್ರ ನಮ್ಮ ಮನಿಯ ಮ್ಯಾಲಿನ ಖೋಲಿ, ಒಂದು ಮೈಕು, ಸದ್ದು ತಡಿಯಾಕ ಎರಡು ಕೌದಿ. ಅಷ್ಟ.

ಇವತ್ತಿನ ಕಥೆ ಒಂದು ಇಸವಿಯಿಂದ ಶುರು. 1824.

ಆ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಬಾಗಿಲಿನ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತ. ಬಾಗಿಲು ತೆಗೀರಿ, ಇಲ್ಲಾಂದ್ರ ತೋಪು ಹಾರಿಸ್ತೀನಿ ಅಂತ ಗಡುವು ಕೊಟ್ಟಿದ್ದ. ಬಾಗಿಲು ತೆಗೀತು, ಖರೆ. ಆದರೆ ಒಳಗಿನಿಂದ ಬಂದದ್ದು ಶರಣಾಗತಿ ಅಲ್ಲ, ಸೈನ್ಯ. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದ. ಇದು ನಮಗೆಲ್ಲ ನಾಲ್ಕನೇ ಇಯತ್ತೆಯಿಂದ ಗೊತ್ತು.

ಅದೇ 1824ರಲ್ಲಿ, ಸಾವಿರಾರು ಮೈಲಿ ದೂರದ ಬರ್ಲಿನ್ನಿನಲ್ಲಿ, ಪ್ರಷ್ಯಾ ಸೈನ್ಯದ ಒಬ್ಬ ಎಳೆಯ ತೋಪಿನ ಅಧಿಕಾರಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅವನ ಹೆಸರು ರೈಸ್‌ವಿಟ್ಸ್. ಪುಸ್ತಕ ಯುದ್ಧದ ಆಟದ್ದು, ‘ಕ್ರೀಗ್ಸ್‌ಶ್ಪೀಲ್’. ನಕಾಶೆ, ಸಣ್ಣ ಸಣ್ಣ ಗಟ್ಟಿ, ದಾಳ, ಮತ್ತು ಇಬ್ಬರು ಆಟಗಾರರ ನಡುವೆ ಒಬ್ಬ ಪಂಚ. ಇವತ್ತು ನೀವು ಮೊಬೈಲಿನಲ್ಲಿ ಆಡೋ ಆರ್‌ಪಿಜಿ, ಅಂದ್ರ ರೋಲ್ ಪ್ಲೇಯಿಂಗ್ ಗೇಮ್‌ಗಳ ವಂಶಾವಳಿ ಹಿಡಕೊಂಡು ಹಿಂದಕ್ಕ ಹೋದ್ರ, ಕಡೀಗೆ ಸಿಗೂದು ಈ ಪುಸ್ತಕ.

ಇವೆರಡೂ ನನ್ನ ತಲೆಯೊಳಗೆ ಯಾಕ ಒಂದಕ್ಕೊಂದು ಗಂಟು ಬಿದ್ದುವು ಅಂತ ಹೇಳ್ತೀನಿ ಕೇಳ್ರಿ. ನಾನು ಕಿತ್ತೂರಿನ ಮೇಲೆ ಒಂದು ಗೇಮ್ ಮಾಡಾಕ ಹೋಗಿ ಸೋತವ.

ನಾನು ಬಿ.ಕಾಂ. ಮಾಡಿದಾಂವ. ಕೋಡಿಂಗ್ ಬರೂದಿಲ್ಲ. ಆದರೆ ಕೋಡಿಂಗ್ ಬಾರದವರೂ ಆರ್‌ಪಿಜಿ ತಯಾರಿಸಬಹುದು ಅನ್ನೋ ಸಾಫ್ಟ್‌ವೇರ್‌ಗಳು ಬಹಳ ಅದಾವ. ಅಂಥದ್ದೊಂದನ್ನು ಸೇಲ್‌ನಲ್ಲಿ ತಗೊಂಡೆ. ಹೆಸರು ಬ್ಯಾಡ. ಒಂದು ಪಾತ್ರ ಇಡ್ರಿ, ಒಂದು ಊರು ಇಡ್ರಿ, ಪಾತ್ರದ ಬಾಯಿಗೆ ಮಾತು ತುಂಬ್ರಿ, ಗೇಮ್ ರೆಡಿ. ನನಗ ಅನಿಸಿತು, ನಮ್ಮ ಅಕ್ಕನ ಮಕ್ಕಳಿಗೆ ಪಾಠದ ಪುಸ್ತಕದಾಗಿನ ಚನ್ನಮ್ಮನ್ನ ಆಟದಾಗ ತೋರಿಸೂಣು ಅಂತ.

ಮೊದಲನೇ ತಾಪತ್ರಯ ಊರಿನದು. ಸಾಫ್ಟ್‌ವೇರ್ ಜೊತೆಗೆ ಬಂದ ಚಿತ್ರಗಳಲ್ಲಿ ಮನೆ ಅಂದ್ರ ಹೊಗೆಗೊಳವೆ ಇರೋ ಇಂಗ್ಲಿಷ್ ಮನೆ. ಮಣ್ಣಿನ ಮಾಳಿಗಿ ಮನಿ ಇಲ್ಲ, ವಾಡೆ ಇಲ್ಲ, ಹಗೇವು ಇಲ್ಲ. ಹೊಸ ಪಾತ್ರ ಇಟ್ಟ ಕೂಡಲೇ ಅದಕ್ಕೆ ತಾನೇ ಲೆವೆಲ್ ಒಂದು, ಕೈಯಾಗ ಕತ್ತಿ, ಕಿಸೆಯಾಗ ಚಿನ್ನ. ಹೊರಗೆ ಹೋದರೆ ಲೋಳೆಯಂಥ ಪ್ರಾಣಿ ಬಂದು ಕಡೀತದ, ಅದನ್ನ ಹೊಡೆದ್ರ ರಾಣಿ ಚನ್ನಮ್ಮ ಲೆವೆಲ್ ಎರಡಕ್ಕೆ ಏರ್ತಾಳ. ನಗಬ್ಯಾಡ್ರಿ, ಅದನ್ನೆಲ್ಲ ಒಂದೊಂದಾಗಿ ತೆಗೆಯೋದರಾಗ ನನ್ನ ಎರಡು ತಿಂಗಳು ಹೋದುವು.

ಎರಡನೇದು ಅಕ್ಷರದ್ದು. ಆ ಸಾಫ್ಟ್‌ವೇರ್ ಮಾತನ್ನು ಒಂದೊಂದೇ ಅಕ್ಷರವಾಗಿ ಪರದೆ ಮೇಲೆ ಬಿಡಿಸ್ತದೆ. ಇಂಗ್ಲಿಷಿಗೆ ಅಡ್ಡಿಯಿಲ್ಲ. ಕನ್ನಡದ ಒತ್ತಕ್ಷರ ಅಂದ್ರ ಎರಡು ಅಕ್ಷರ ಕೂಡಿ ಒಂದಾಗಬೇಕು. ಒಂದೊಂದೇ ಬರೆದರೆ ಅವು ಕೂಡೂದ ಇಲ್ಲ. ‘ಕಿತ್ತೂರು’ ಒಡೆದು ತುಂಡಾತು, ‘ಚನ್ನಮ್ಮ’ ಎರಡು ಕಡೆ ಮುರಿದಳು. ಕಡೀಗೆ ಪ್ರತಿಯೊಂದು ಮಾತನ್ನೂ ಫೋಟೋ ಮಾಡಿ ಹಾಕಿದೆ. ಒಂದು ಕಾಗುಣಿತ ತಪ್ಪಿದರೆ ಮತ್ತೆ ಹೊಸ ಫೋಟೋ.

ಇವೆರಡೂ ಕಷ್ಟವೇ, ಆದರೆ ಮೈಮುರಿದು ದುಡಿದರೆ ದಾಟಬಹುದಾದ ಕಷ್ಟ. ಮೂರನೇದು ಹಂಗಲ್ಲ. ಅದು ಲೆಕ್ಕದ್ದು.

ಇಂಥ ಸಾಫ್ಟ್‌ವೇರ್‌ನಲ್ಲಿ ಕಥೆ ನಡೆಯೋದು ಸ್ವಿಚ್ಚಿನ ಮೇಲೆ. ಆಟಗಾರ ‘ಹೌದು’ ಅಂದ್ರ ಸ್ವಿಚ್ ಆನ್, ‘ಇಲ್ಲ’ ಅಂದ್ರ ಆಫ್. ಒಂದು ಆಯ್ಕೆ ಕೊಟ್ಟರೆ ಕಥೆಗೆ ಎರಡು ದಾರಿ. ಎರಡು ಆಯ್ಕೆ ಕೊಟ್ಟರೆ ನಾಲ್ಕು. ಐದಕ್ಕೆ 32. ಹತ್ತಕ್ಕೆ 1024. ಚಕ್ರಬಡ್ಡಿ ಕಲಿತವನಿಗೆ ಇದು ಮೊದಲೇ ಹೊಳೀಬೇಕಿತ್ತು! ಆ 1024 ದಾರಿಯೊಳಗೆ ಯಾರು ಏನು ಮಾತಾಡ್ತಾರ ಅಂತ ಬರಿಯಾಂವ ನಾನೊಬ್ಬನೇ. ಹಂಗಾಗಿ ಎಲ್ಲರೂ ಮಾಡೂದನ್ನೇ ನಾನೂ ಮಾಡಿದೆ. ದಾರಿಗಳನ್ನು ಒಂದು ಸುತ್ತು ಹೊಡೆಸಿ ಮತ್ತೆ ಒಂದೇ ಅಗಸಿ ಬಾಗಿಲಿಗೆ ತಂದು ಕೂಡಿಸಿದೆ. ನೀವು ಹೌದು ಅನ್ರಿ, ಇಲ್ಲ ಅನ್ರಿ, ಥ್ಯಾಕರೆ ಬಂದೇ ಬರ್ತಾನ, ಬಾಗಿಲು ತೆಗೆದೇ ತೆಗೀತದ.

ಗೇಮ್ ಮುಗೀತು. ದೀಪಾವಳಿ ಸೂಟಿಗೆ ಬಂದ ಅಕ್ಕನ ಮಗಳಿಗೆ ಕೊಟ್ಟೆ. ಒಂಬತ್ತನೇತ್ತಾ ಓದ್ತಾಳ. ಹತ್ತು ನಿಮಿಷ ಆಡಿದಳು. ಕೋಟೆಯ ಒಳಗೆ ಒಂದು ಗೋಡೆಗೆ ಹಾಯ್ದು ಹಾಯ್ದು ನಿಂತಳು.

“ಮಾಮಾ, ಇದರೊಳಗ ಹೋಗಾಕ ಬರೂದಿಲ್ಲೇನು?”

“ಅದು ಬರೇ ಚಿತ್ರವಾ. ಅಲ್ಲಿ ಏನೂ ಇಲ್ಲ.”

“ಹಗೇವು ಎಲ್ಲೈತಿ ಹಂಗಾರ? ಕೋಟಿ ಬಾಗಿಲಾ ಹಾಕಿದ್ರ ಒಳಗಿನ ಮಂದಿ ಎಷ್ಟು ದಿನ ಉಣ್ಣಾಕ ಜ್ವಾಳ ಐತಿ ಅಂತ ನೋಡಬೇಕಿತ್ತು ನನಗ.”

ನನ್ನ ಗೇಮಿನಲ್ಲಿ ಐದು ಆಯ್ಕೆ ಇದ್ದುವು. ಜೋಳದ ಲೆಕ್ಕ ಕೇಳೋದು ಆ ಐದರಾಗ ಇರಲಿಲ್ಲ. ಕಾಮರ್ಸ್ ಓದಿದ ನನಗೇ ಹೊಳೆಯದ ಸ್ಟಾಕಿನ ಪ್ರಶ್ನೆ ಅದು.

ಅವತ್ತು ರಾತ್ರಿ ಕರೆಂಟೂ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಕಟ್ಟಿ ಮ್ಯಾಲೆ ಕುಂತೆವು. ನಾನು, ಅಕ್ಕನ ಮಗಳು, ಆರನೇತ್ತಾ ಓದೋ ಅವಳ ತಮ್ಮ, ಪುಣೆಯಿಂದ ಸೂಟಿಗೆ ಬಂದಿದ್ದ ನನ್ನ ಗೆಳೆಯ, ಮತ್ತೆ ಬಾಜೂಮನಿ ಕಾಕಾ. ಲೂಡೋ ಡಬ್ಬಿಯಾಗಿನ ದಾಳ ತಗೊಂಡೆವು. ಒಂದೇ ನಿಯಮ: ಯಾರು ಏನು ಬೇಕಾದರೂ ಮಾಡಬಹುದು. ಆಗ್ತದೋ ಇಲ್ಲೋ ಅಂತ ನಾನು ಹೇಳ್ತೀನಿ. ನನಗೂ ಗೊತ್ತಾಗದಿದ್ರ ದಾಳ ಹೇಳ್ತದ.

ಆ ಆಟಕ್ಕ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಬರ್ಲಿನ್ನಿಗೆ ಹೋಗೂಣು. ಯಾಕಂದ್ರ ನಾವು ಕಟ್ಟಿ ಮ್ಯಾಲೆ ಕಂಡುಕೊಂಡ ಈ ನಿಯಮವನ್ನು ಜಗತ್ತು ಕಂಡುಕೊಳ್ಳಾಕ ನೂರೈವತ್ತು ವರ್ಷ ಬೇಕಾದುವು.

ರೈಸ್‌ವಿಟ್ಸ್‌ನ ಆಟದಲ್ಲಿ ಇಬ್ಬರು ಆಟಗಾರರೂ ತಮ್ಮ ಹುಕುಮನ್ನು ಪಂಚನಿಗೆ ಕೊಡಬೇಕು. ವೈರಿಯ ಸೈನ್ಯ ಗುಡ್ಡದ ಹಿಂದೆ ಇದ್ದರೆ ಅದು ಪಂಚನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಒಂದು ಸರದಿ ಅಂದ್ರ ಯುದ್ಧದ ಎರಡು ನಿಮಿಷ. ಎಷ್ಟು ಮಂದಿ ಸತ್ತರು ಅನ್ನೋದಕ್ಕೆ ದಾಳ, ಆ ದಾಳಕ್ಕೆ ದೊಡ್ಡ ದೊಡ್ಡ ಕೋಷ್ಟಕ. ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಇದನ್ನು ಮೆಚ್ಚಿ, ಅಧಿಕಾರಿಗಳು ಇದನ್ನ ಆಡಿ ಕಲೀಲಿ ಅಂತ ಬೆನ್ನು ತಟ್ಟಿದ. ಆದರೆ ರೈಸ್‌ವಿಟ್ಸ್ ಬಹಳ ದಿನ ಬದುಕಲಿಲ್ಲ. 1827ರಲ್ಲಿ ತನ್ನ ಜೀವ ತಾನೇ ತಗೊಂಡ.

ಆಟ ಮಾತ್ರ ಬೆಳೀತು, ಜೊತೆಗೆ ಕೋಷ್ಟಕಗಳೂ ಬೆಳೆದುವು. ಒಂದು ಸರದಿ ಮುಗಿಸಲು ಪಂಚ ಲೆಕ್ಕ ಹಾಕುತ್ತಾ ಕೂಡಬೇಕು. ಕಡೆಗೆ 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನೋ ಅಧಿಕಾರಿ ಆ ಕೋಷ್ಟಕಗಳನ್ನೆಲ್ಲ ಬದಿಗಿಟ್ಟ. ಪಂಚ ಯುದ್ಧ ಕಂಡವನಾಗಿದ್ದರೆ ಸಾಕು, ತನ್ನ ಅನುಭವದಿಂದ ತೀರ್ಪು ಕೊಡಲಿ ಅಂದ. ಅದಕ್ಕೆ ‘ಮುಕ್ತ ಕ್ರೀಗ್ಸ್‌ಶ್ಪೀಲ್’ ಅಂತ ಹೆಸರು ಬಂತು. ಅಂದ್ರ ನೋಡ್ರಿ, ನಿಯಮ ಹೆಚ್ಚಬೇಕೋ, ಮನುಷ್ಯನ ಬುದ್ಧಿ ಹೆಚ್ಚಬೇಕೋ ಅನ್ನೋ ಜಗಳ ಕಂಪ್ಯೂಟರ್ ಹುಟ್ಟೋದಕ್ಕಿಂತ ಮೊದಲಿನದು.

1969ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಅನ್ನೋ ಯುವಕ ಗೆಳೆಯರಿಗಾಗಿ ‘ಬ್ರೌನ್‌ಸ್ಟೈನ್’ ಅನ್ನೋ ಆಟ ಹೂಡಿದ. ನೆಪೋಲಿಯನ್ ಕಾಲದ ಒಂದು ಕಾಲ್ಪನಿಕ ಜರ್ಮನ್ ಊರು. ಕೆಲವರಿಗೆ ಸೈನ್ಯ ಸಿಗಲಿಲ್ಲ. ನೀನು ಊರಿನ ಮೇಯರ್, ನೀನು ಬ್ಯಾಂಕಿನವ, ನೀನು ವಿಶ್ವವಿದ್ಯಾಲಯದ ಕುಲಪತಿ ಅಂತ ಬರೇ ಪಾತ್ರ ಕೊಟ್ಟ. ಯುದ್ಧ ಶುರುವಾಗೋದಕ್ಕೆ ಮೊದಲೇ ಆಟಗಾರರು ಅಲ್ಲಲ್ಲಿ ಗುಂಪುಗೂಡಿ ಗುಟ್ಟು ಮಾತಾಡಿದರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ಅಲ್ಲೇ ನಿಂತು ಒಂದು ತೀರ್ಪು ಹುಟ್ಟಿಸಿದ. ಆಟ ಕೆಟ್ಟು ಹೋಯಿತು ಅಂತ ಅವನು ಮನೆಗೆ ಹೋದರೆ, ಗೆಳೆಯರು ‘ಮತ್ತೆ ಯಾವಾಗ?’ ಅಂತ ಗಂಟುಬಿದ್ದರು.

ಆ ಗೆಳೆಯರಲ್ಲಿ ಒಬ್ಬ ಡೇವ್ ಆರ್ನೆಸನ್. ಅವನು ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದ. ಒಂದು ಡಬ್ಬಿಯಲ್ಲಿ ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ನಡುವೆ ಕುಂತ ಪಂಚನಿಗೆ ‘ಡಂಜನ್ ಮಾಸ್ಟರ್’ ಅಂತ ಹೆಸರಾಯಿತು.

ಕಂಪ್ಯೂಟರ್ ಬಂದಾಗ ಎಲ್ಲರ ಕನಸು ಒಂದೇ. ಈ ಪಂಚನ ಕೆಲಸವನ್ನು ಯಂತ್ರಕ್ಕೆ ಕೊಡೋದು. 1980ರ ದಶಕದ ನಡುವೆ ‘ಅಡ್ವೆಂಚರ್ ಕನ್‌ಸ್ಟ್ರಕ್ಷನ್ ಸೆಟ್’, 1993ರಲ್ಲಿ ‘ಅನ್‌ಲಿಮಿಟೆಡ್ ಅಡ್ವೆಂಚರ್ಸ್’, ಜಪಾನಿನಿಂದ 1990ರ ದಶಕದ ಆರಂಭದಲ್ಲಿ ಶುರುವಾದ ‘ಆರ್‌ಪಿಜಿ ಮೇಕರ್’ ಸಾಲು. ಹೆಸರೇ ‘ಅನ್‌ಲಿಮಿಟೆಡ್’, ಮಿತಿಯೇ ಇಲ್ಲ ಅಂತ. ಆದರೆ ತಯಾರಿಸಿದವನು ಮೊದಲೇ ಬರೆದಿಡದ ಒಂದು ಮಾತೂ ಅದರೊಳಗೆ ಯಾರೂ ಆಡೂದಿಲ್ಲ.

ನನಗೆ ಇಡೀ ಇತಿಹಾಸದಲ್ಲಿ ಬಹಳ ಹಿಡಿಸಿದ್ದು 2002ರ ‘ನೆವರ್‌ವಿಂಟರ್ ನೈಟ್ಸ್’. ಅದನ್ನು ತಯಾರಿಸಿದ ಬಯೋವೇರ್ ಕಂಪನಿ ಗೇಮಿನ ಜೊತೆಗೆ ಕಥೆ ಕಟ್ಟೋ ಸಲಕರಣೆಯನ್ನೂ ಕೊಟ್ಟಿತು. ಅದರ ಜೊತೆಗೆ ಇನ್ನೊಂದನ್ನೂ ಕೊಟ್ಟಿತು. ಒಬ್ಬ ಮನುಷ್ಯ, ಡಂಜನ್ ಮಾಸ್ಟರ್ ಆಗಿ, ನಡೆಯುತ್ತಿರೋ ಆಟದೊಳಗೆ ಹೊಕ್ಕು, ಪಾತ್ರಗಳ ಬಾಯಲ್ಲಿ ತಾನೇ ಮಾತಾಡೋ ಬಾಗಿಲು. ನನ್ನ ಪ್ರಕಾರ ಅದು ಒಂದು ಪ್ರಾಮಾಣಿಕ ಒಪ್ಪಿಗೆ. ಸಲಕರಣೆ ಎಷ್ಟೇ ಚಲೋ ಇರಲಿ, ಎದುರಿಗೆ ಒಬ್ಬ ಮನುಷ್ಯ ಬೇಕು.

ಇದೇನು ನಮಗ ಹೊಸಾದಲ್ಲ. ಬೆಳಗಾವಿ ಜಿಲ್ಲೆಯವರಿಗೆ ಗೀಗೀ ಪದ ಗೊತ್ತು. ಹರದೇಶಿ ಒಂದು ಮೇಳ, ನಾಗೇಶಿ ಒಂದು ಮೇಳ. ಒಬ್ಬರು ಹಾಡಿನಾಗ ಸವಾಲು ಹಾಕಿದ್ರ ಇನ್ನೊಬ್ಬರು ಅಲ್ಲೇ ನಿಂತು ಜವಾಬು ಕೊಡಬೇಕು. ಸವಾಲು ಏನು ಬರ್ತದ ಅಂತ ಮೊದಲ ಗೊತ್ತಿದ್ರ ರಾತ್ರಿಯೆಲ್ಲ ಮಂದಿ ಯಾಕ ಕೂಡ್ತಾರ? ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಹಂಗ ಹಾಡಿಕೊಂಡು ಬಂದರು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಈ ಭಾಗದ ಲಾವಣಿಗಳನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ, ರಾಯಣ್ಣನದೂ ಅದರೊಳಗೆ ಇತ್ತು. ಅಚ್ಚಾದದ್ದರಿಂದ ಅದು ಉಳೀತು. ಆದರೆ ಅಚ್ಚಾದ ಲಾವಣಿಗೆ ನೀವು ಸವಾಲು ಹಾಕಾಕ ಬರೂದಿಲ್ಲ. ಈ ಎರಡು ಮಾತನ್ನೂ ನೆನಪಿಟ್ಟುಕೋರಿ.

ಈಗ ನಮ್ಮ ಕಟ್ಟಿಗೆ ವಾಪಸ್.

ಆಟ ಶುರು ಆಗಿದ್ದು 1824ರ ಅಕ್ಟೋಬರ್ 22ರ ಸಂಜೆಗೆ. ಅಕ್ಕನ ಮಗಳು ತಾನು ಸೈನಿಕ ಆಗೂದಿಲ್ಲ, ಕೋಟಿಯೊಳಗ ಹಿಟ್ಟು ಬೀಸೋ ಹೆಣ್ಮಗಳು ಆಗ್ತೀನಿ ಅಂದಳು. ಮೊದಲನೇ ಕೆಲಸವೇ ಹಗೇವಿಗೆ ಇಳಿದದ್ದು. ಎಷ್ಟು ಜೋಳ ಐತಿ? ನನಗೆ ಗೊತ್ತಿಲ್ಲ. ದಾಳ ಹಾಕಿದೆವು, ಎರಡು ಬಿತ್ತು. ಬಹಳ ಇಲ್ಲ ಅಂದೆ. ಆಗ ಅವಳು ಲೆಕ್ಕ ಶುರು ಮಾಡಿದಳು. ಮಕ್ಕಳಿಗೆ ಎಷ್ಟು, ಸೈನಿಕರಿಗೆ ಎಷ್ಟು, ಕುದುರಿಗೆ ಎಷ್ಟು. ಅವಳ ತಮ್ಮ ಅಗಸಿ ಕಾಯೋ ಹುಡುಗ. ಅವನು ಅಕ್ಕನ ಹತ್ತಿರ ಬಂದು, “ನನಗ ಒಂದು ರೊಟ್ಟಿ ಹೆಚ್ಚಿಗಿ ಕೊಡು, ರಾತ್ರಿ ಎಚ್ಚರ ಇರತೀನಿ” ಅಂದ. ಅವಳು ಕೊಡಲಿಲ್ಲ. ಅವನು ಖರೇನ ಸಿಟ್ಟಾದ.

ಮರುದಿನ ಥ್ಯಾಕರೆ ಸತ್ತ. ಚಪ್ಪಾಳೆ. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆ ಸಿಕ್ಕರು, ಅದು ಇತಿಹಾಸದಲ್ಲೂ ಹಂಗೇ ಆಗೈತಿ. ಅಕ್ಕನ ಮಗಳು ಕೇಳಿದಳು, “ಮಾಮಾ, ಈ ಇಬ್ಬರಿಗೂ ರೊಟ್ಟಿ ನಾವ ಹಾಕಬೇಕೇನು?” ಹೌದವಾ, ಹಾಕಬೇಕು. ಮತ್ತೆ ಲೆಕ್ಕ.

ಆಮೇಲೆ ಬಂತು ಡಿಸೆಂಬರ್. ಕಂಪನಿ ಸರ್ಕಾರ ದೊಡ್ಡ ಸೈನ್ಯ ತಂದಿತು. ನನ್ನ ಗೆಳೆಯನಿಗೆ ಮಲ್ಲಪ್ಪ ಶೆಟ್ಟಿಯ ಪಾತ್ರ ಬಿದ್ದಿತ್ತು. ನಿಮಗೆ ಗೊತ್ತೈತಲ್ಲ, ನಮ್ಮ ಭಾಗದ ಜನರ ಬಾಯಾಗ ಕಿತ್ತೂರನ್ನು ಹಿಡಿದುಕೊಟ್ಟವರು ಅಂದ್ರ ಮಲ್ಲಪ್ಪ ಶೆಟ್ಟಿ ಮತ್ತು ವೆಂಕಟರಾವ್. ಮದ್ದಿನ ಪುಡಿಯಾಗ ಸಗಣಿ ಕಲಿಸಿದರು ಅಂತ ಹೇಳ್ತಾರ. ನನ್ನ ಗೇಮಿನಲ್ಲಿ ಅದು ಒಂದು ಸ್ವಿಚ್. ಡಿಸೆಂಬರ್ ಬಂದ ಕೂಡಲೇ ತಾನೇ ಆನ್ ಆಗ್ತದ.

ಕಟ್ಟಿ ಮ್ಯಾಲೆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನೆ ಕುಂತ. ಆಮೇಲೆ ಅಂದ, “ನಾ ಮಾಡೂದಿಲ್ಲಪಾ.”

“ಏನು ಮಾಡೂದಿಲ್ಲ?”

“ದ್ರೋಹ. ಈ ಹುಡುಗಿ ಇಷ್ಟೊತ್ತು ರೊಟ್ಟಿ ಲೆಕ್ಕ ಹಾಕ್ಯಾಳ. ನಾ ಮದ್ದಿನಾಗ ಸಗಣಿ ಕಲಸೂದಿಲ್ಲ.”

ಹುಡುಗರು ಕುಣಿದಾಡಿದರು. ದಾಳ ಆರು ಬಿತ್ತು. ಕಿತ್ತೂರು ಗೆದ್ದಿತು! ಎರಡನೇ ಯುದ್ಧವನ್ನೂ ಗೆದ್ದಿತು. ನನಗೆ ಮೈ ಜುಮ್ ಅಂತು. ಆರು ತಿಂಗಳು ಲ್ಯಾಪ್‌ಟಾಪಿನ ಮುಂದೆ ಕುಂತು ಮಾಡಲಾಗದ್ದು ಎರಡು ತಾಸಿನಲ್ಲಿ ಆಗಿತ್ತು.

ಕಾಕಾ ಮಾತ್ರ ನಗಲಿಲ್ಲ. ಅವರು ಹಾಡಿನ ಮೇಳದಾಗ ತಿರುಗಾಡಿದವರು. ಸಮಾಧಾನದಿಂದ ಕೇಳಿದರು, “ಚನ್ನಮ್ಮ ಗೆದ್ದಳು. ಚಲೋ ಆತು. ಹಂಗಾರ ನಮ್ಮೂರಾಗಿನ ಸಮಾಧಿ ಯಾರದು?”

ಯಾರೂ ಮಾತಾಡಲಿಲ್ಲ.

ಬೈಲಹೊಂಗಲದವರಿಗೆ ಆ ಮಾತು ಎಲ್ಲಿ ಚುಚ್ಚತದ ಅಂತ ಗೊತ್ತು. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆ ಕಾಳಗದಲ್ಲಿ ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ, ಆದರೆ ಕಿತ್ತೂರು ಸೋತಿತು. ಚನ್ನಮ್ಮನನ್ನು ತಂದು ಇಟ್ಟದ್ದು ನಮ್ಮ ಬೈಲಹೊಂಗಲದ ಸೆರೆಯಲ್ಲಿ. ಅವಳು ತೀರಿಕೊಂಡದ್ದು ಇಲ್ಲೇ, 1829ರ ಫೆಬ್ರವರಿಯಲ್ಲಿ. ರಾಯಣ್ಣ ದಂಗೆ ಎದ್ದು, ಸಿಕ್ಕಿಬಿದ್ದು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ನಮ್ಮ ಊರಿಗೆ ಆ ಸಮಾಧಿ ಸಿಕ್ಕದ್ದು ಸೋಲಿನಿಂದ. ಅದನ್ನು ದಾಳ ಹಾಕಿ ಅಳಿಸಿಬಿಟ್ಟರೆ ಅಲ್ಲಿ ಮಲಗಿದವಳಿಗೆ ಏನು ಉತ್ತರ ಕೊಡೂದು?

ಆ ರಾತ್ರಿಯಿಂದ ನಾನು ಇದನ್ನೇ ಯೋಚಿಸ್ತಿದೀನಿ. ಸಾಫ್ಟ್‌ವೇರ್ ದಡ್ಡ, ದಾಳ ಜಾಣ ಅಂತ ಹೇಳಿ ಕಥೆ ಮುಗಿಸೋದು ಸುಲಭ. ಖರೇ ಹೇಳಬೇಕಂದ್ರ ಎರಡಕ್ಕೂ ಒಂದೊಂದು ಮಿತಿ ಐತಿ, ಆದರೆ ಮಿತಿಯ ಜಾತಿ ಬೇರೆ ಬೇರೆ.

ಸಲಕರಣೆಯ ಮಿತಿ ಏನಂದ್ರ, ಅದರೊಳಗೆ ಎಲ್ಲರಿಗೂ ಮುಂದೇನು ಅಂತ ಮೊದಲೇ ಗೊತ್ತಿರ್ತದ. ಮಲ್ಲಪ್ಪ ಶೆಟ್ಟಿ ಹುಟ್ಟುತ್ತಲೇ ದ್ರೋಹಿ, ಚನ್ನಮ್ಮ ಹುಟ್ಟುತ್ತಲೇ ಪುತ್ಥಳಿ. ಆದರೆ 1824ರಲ್ಲಿ ಕೋಟೆಯೊಳಗಿದ್ದ ಯಾರಿಗೂ ನಾಳೆ ಗೊತ್ತಿರಲಿಲ್ಲ. ಜೋಳ ಎಷ್ಟೈತಿ ಅಂತ ಹಗೇವಿಗೆ ಇಳಿದು ನೋಡೋ ಹೆಣ್ಮಗಳಿಗಂತೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆಯನ್ನು ಮತ್ತೆ ಕೊಡೋದು ದಾಳ ಮತ್ತು ಎದುರಿಗೆ ಕುಂತ ಮನುಷ್ಯ.

ಕಟ್ಟಿ ಆಟದ ಮಿತಿ ಏನಂದ್ರ, ಅದು ನಮ್ಮ ಆಸೆಗೆ ಬಾಗ್ತದ. ನಮಗ ಬೇಕಾದವರನ್ನ ಗೆಲ್ಲಿಸ್ತದ. ಬೆಳಗಾದ್ರ ಅದರದೊಂದು ಗುರುತೂ ಉಳಿಯೂದಿಲ್ಲ. ಮತ್ತೆ ಮಂದಿ ಬೇಕು. ನನ್ನ ಗೆಳೆಯ ಪುಣೆಗೆ ಹೋದ, ಅಕ್ಕನ ಮಕ್ಕಳು ಸಾಲಿಗೆ ಹೋದರು, ಕಟ್ಟಿ ಖಾಲಿ. ನನ್ನ ಹರಕು ಮುರುಕು ಗೇಮ್ ಮಾತ್ರ ಇವತ್ತಿಗೂ ಒಂದು ಲಿಂಕಿನಲ್ಲಿ ದುಬೈಗೆ ಬೇಕಾದರೂ ಹೋಗ್ತದ.

ಕೆಲವರು ಕೇಳ್ತೀರಿ, ಈಗ ಎಐ ಐತಲ್ಲ, ಅದ ಪಂಚ ಆಗಲಿ ಅಂತ. ಆಗಬಹುದು. ಹಗೇವಿನ ಜೋಳಕ್ಕೂ ಅದು ಉತ್ತರ ಕೊಡ್ತದ. ಆದರೆ ಕಾಕಾ ಕೇಳಿದ ಪ್ರಶ್ನೆ ಕೇಳೋದಕ್ಕೆ ಆ ಸಮಾಧಿಯ ಮುಂದೆ ದಿನಾ ಹಾಯ್ದು ಹೋಗಿರಬೇಕು.

ಕಡೀಗೆ ನಾವು ಏನು ಮಾಡಿದೆವು ಅಂದ್ರ, ಎರಡನೇ ನಿಯಮ ಸೇರಿಸಿದೆವು. ಆಟ ಎಲ್ಲಿಗೆ ಬೇಕಾದರೂ ಹೋಗಲಿ. ಮುಗಿದ ಮೇಲೆ ದಾಳ ಡಬ್ಬಿಗೆ ಹಾಕಿ, ಖರೇ ಏನಾಯಿತು ಅಂತ ಒಬ್ಬರು ಎಲ್ಲರಿಗೂ ಹೇಳಬೇಕು. ಮರುದಿನ ರಾತ್ರಿ ಅದನ್ನು ಹೇಳಿದಾಕಿ ಅಕ್ಕನ ಮಗಳು. ಕೋಟೆ ಬಿತ್ತು ಅಂತ ಹೇಳೋವಾಗ ಅವಳ ದನಿ ಸಣ್ಣದಾತು. ಪಾಠದ ಪುಸ್ತಕದಾಗ ಅದನ್ನ ಎಷ್ಟು ಸಲ ಓದಿದ್ದಳೋ. ಈ ಸಲ ಅವಳ ಜೋಳ ಇತ್ತು ಒಳಗೆ.

ಸೂಟಿ ಮುಗಿಸಿ ಹೋಗೋ ದಿನ ಅವಳನ್ನೂ ತಮ್ಮನನ್ನೂ ಸಮಾಧಿಗೆ ಕರಕೊಂಡು ಹೋಗಿದ್ದೆ. ಸುತ್ತು ಹಾಕಿ ಬಂದು ತಮ್ಮ ಕೇಳಿದ, “ಅಕ್ಕಾ, ಅವತ್ತ ಒಂದು ರೊಟ್ಟಿ ಕೊಟ್ಟಿದ್ರ ಏನಾಗ್ತಿತ್ತು?”

ಅವಳು, “ಮುಂದಿನ ಸೂಟಿಗೆ ನೋಡೂಣು” ಅಂದಳು.

ನನ್ನ ಗೇಮಿನಾಗ ಈಗ ಒಂದು ಹಗೇವು ಬಿಡಸಾಕತ್ತೀನ್ರಿ. ಒಳಗ ಹೋಗಾಕ ಬರ್ತದ. ಮುಂದಿನ ವಾರ ಸಿಗೂಣು. ನಿಮ್ಮ ಊರಿನ ಯಾವ ಕಥೆಯನ್ನ ಹಿಂಗ ಕಟ್ಟಿ ಮ್ಯಾಲೆ ಆಡಬೇಕು ಅನಸ್ತದ, ಒಂದು ವಾಯ್ಸ್ ನೋಟ್ ಕಳಸ್ರಿ. ಬರ್ತೀನಿ, ಶರಣ್ರಿ.